‘ದೊಡ್ಡವರಾಗೋದು ಹೇಗೆ’ ಅನ್ನೋ ಪುಸ್ತಕ ಉಡುಗೊರೆ ಬಂದರೆ ಖುಷಿಪಡಬೇಕಾ, ಮುನಿಸಿಕೊಳ್ಳಬೇಕಾ?

ವಿನೋಬನಗರ ವಾಸಿ:
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ತಲೆಯಿಂದ ಹೋಗುತ್ತಿಲ್ಲ. ನನಗೆ ಮೂವತ್ತು ದಾಟಿದೆ. ಕೆಲಸ ಇದೆ, ಮನೆ ಸಾಲ ಇದೆ, ಬೈಕಿಗೆ ಇನ್ಶೂರೆನ್ಸ್ ಕೂಡ ಕಟ್ಟಿದ್ದೇನೆ. ಹೀಗಿರುವಾಗ ಅಮೆರಿಕದಿಂದ ಬಂದ ಅತ್ತಿಗೆ ಗೃಹಪ್ರವೇಶಕ್ಕೆ ಕೊಟ್ಟಿದ್ದೇನು ಗೊತ್ತಾ? ಕೆಲ್ಲಿ ವಿಲಿಯಮ್ಸ್ ಬ್ರೌನ್ ಅನ್ನುವವರು ಬರೆದ ‘ಅಡಲ್ಟಿಂಗ್’. 468 ಹೆಜ್ಜೆಗಳಲ್ಲಿ ದೊಡ್ಡವರಾಗುವುದು ಹೇಗೆ ಅಂತ. ಜೊತೆಗೆ ಅದೇ ಲೇಖಕಿಯ ‘ಗ್ರೇಶಿಯಸ್’. ಅದು ನಾಲ್ಕು ಜನರ ಜೊತೆ ದಯೆಯಿಂದ, ಸಭ್ಯವಾಗಿ ಇರುವುದರ ಬಗ್ಗೆ. ಎರಡನ್ನೂ ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಬೇರೆ ಕಟ್ಟಿದ್ದರು.

ಅಂದರೆ ನಾನು ದೊಡ್ಡವನೂ ಆಗಿಲ್ಲ, ಒಳ್ಳೆಯವನೂ ಅಲ್ಲ ಅಂತ ಅಲ್ವಾ?

ಹೆಂಡತಿ ನಕ್ಕು ನಕ್ಕು ಸುಸ್ತಾದಳು. ನಾನು ಸಿಟ್ಟಿನಲ್ಲೇ ಓದಲು ಕೂತೆ. ತೊಂದರೆ ಏನಂದರೆ ಪುಸ್ತಕ ಚೆನ್ನಾಗಿದೆ. ಲೇಖಕಿ ಮೊದಲು ತನ್ನ ಎಡವಟ್ಟು ಹೇಳಿ ನಗಿಸುತ್ತಾರೆ, ಆಮೇಲೆ ಮೆಲ್ಲಗೆ ಬುದ್ಧಿ ಹೇಳುತ್ತಾರೆ. ಬೈಸಿಕೊಂಡ ಹಾಗೆ ಅನ್ನಿಸುವುದೇ ಇಲ್ಲ.

ಇಂಥ ಪುಸ್ತಕ ಓದಿ ನಿಮ್ಮಲ್ಲಿ ಯಾರಾದರೂ ನಿಜಕ್ಕೂ ಬದಲಾಗಿದ್ದೀರಾ? ಕನ್ನಡದಲ್ಲಿ ಹೀಗೆ ನಗಿಸುತ್ತಾ ಹೇಳುವಂಥದ್ದು ಇದೆಯಾ? ನಾನು ನೋಡಿದವುಗಳಲ್ಲಿ ಮುಖಪುಟಕ್ಕೆ ಬೆಟ್ಟ ಹತ್ತುವವನ ಚಿತ್ರ ಇರುತ್ತದೆ, ಒಳಗೆ ಪೂರ್ತಿ ಬೈಗುಳ.

ಅಪ್ಪೆಮಿಡಿ:
ಮುನಿಸಿಕೊಳ್ಳಿ. ಆಮೇಲೆ ಪುಸ್ತಕ ನನಗೆ ಕೊಡಿ.

ಲೆಕ್ಕದ ಮೇಷ್ಟ್ರು:
ಒಂದು ಸಣ್ಣ ತಿದ್ದುಪಡಿ. 468 ಅನ್ನುವುದು 2013ರ ಮೊದಲ ಆವೃತ್ತಿ. 2018ರಲ್ಲಿ ಪರಿಷ್ಕರಿಸಿದಾಗ ಅದು 535 ಹೆಜ್ಜೆ ಆಯಿತು. ಐದು ವರ್ಷದಲ್ಲಿ ದೊಡ್ಡವರಾಗುವ ದಾರಿ 67 ಹೆಜ್ಜೆ ಉದ್ದ ಆಗಿದೆ. ಅತ್ತಿಗೆ ಹಳೆಯದನ್ನೇ ಕೊಟ್ಟಿದ್ದಾರೆ ಅಂದರೆ ನಿಮ್ಮ ಮೇಲೆ ಅವರಿಗೆ ಇನ್ನೂ ಭರವಸೆ ಇದೆ.

ವಿನೋಬನಗರ ವಾಸಿ:
ಭರವಸೆ ಅಲ್ಲ ಸರ್, ಡಿಸ್ಕೌಂಟ್ ಇದ್ದಿರಬೇಕು.

ತೀರ್ಥಹಳ್ಳಿ ತೋಟದವರು:
ಇದೆಲ್ಲ ಕಾಸು ಮಾಡುವ ದಾರಿ ಮಾರಾಯ್ರೆ. ಹಿಂದೆ ಯಾರು ಪುಸ್ತಕ ಓದಿ ದೊಡ್ಡವರಾದರು? ನನಗೆ ಮೀಸೆ ಮೂಡುವ ಹೊತ್ತಿಗೆ ಅಪ್ಪ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ತಯಾರು ಮಾಡುವ ಕೆಲಸ ಒಪ್ಪಿಸಿದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು, ಉಲ್ಟಾ ಅಲ್ಲ. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಇಷ್ಟೂ ಮಳೆ ಸ್ವಲ್ಪ ಹೊಳವಾದ ಹೊತ್ತಿನಲ್ಲಿ ಮುಗಿಯಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸುಮ್ನೆ ಕಾಯುತ್ತಾ ಕೂರುವುದಿಲ್ಲ, ಮುಂದಿನ ತೋಟಕ್ಕೆ ಹೊರಟುಬಿಡುತ್ತಾನೆ. ಕೊಳೆ ರೋಗ ಬಂತು ಅಂದರೆ ವರ್ಷದ ಅನ್ನ ಹೋಯಿತು. ದೊಡ್ಡವನಾಗಲು ಇದಕ್ಕಿಂತ ಬೇರೆ ಹೆಜ್ಜೆ ಬೇಕಾ?

ಶಂಕರಘಟ್ಟ ಹಾಸ್ಟೆಲ್:
ಅಂಕಲ್, ಇದು ತೋಟ ಇರುವವರ ಮಾತು. ನಮ್ಮ ಮನೆಯಲ್ಲಿ ತೋಟ ಇಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಬಾಡಿಗೆ ಕರಾರು ಯಾಕೆ ಯಾವಾಗಲೂ ಹನ್ನೊಂದು ತಿಂಗಳು? ಪಿಎಫ್ ಅಂತ ಹಿಡಿಯುವ ದುಡ್ಡು ಎಲ್ಲಿಗೆ ಹೋಗುತ್ತದೆ? ರೂಮಿನಲ್ಲಿ ಜೊತೆಗಿರುವವಳು ತಟ್ಟೆ ತೊಳೆಯದಿದ್ದರೆ ಜಗಳ ಆಗದ ಹಾಗೆ ಹೇಳುವುದು ಹೇಗೆ? ಇದನ್ನೆಲ್ಲ ನನಗೆ ಯಾರೂ ಕಲಿಸಿಲ್ಲ. ಮನೆಯಲ್ಲಿ ಕೇಳಿದರೆ ‘ಇಷ್ಟು ಓದಿ ಇದೂ ಗೊತ್ತಿಲ್ವಾ’ ಅನ್ನುತ್ತಾರೆ. ಪುಸ್ತಕ ಹಾಗೆ ಅನ್ನುವುದಿಲ್ಲ. ಅದಕ್ಕೇ ಜನ ಕೊಳ್ಳುತ್ತಾರೆ.

ಕರಿಕೋಟು:
ಹನ್ನೊಂದು ತಿಂಗಳಿಗೆ ಉತ್ತರ ಕೊಡುತ್ತೇನೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಯಾರಿಗೂ ಬೇಡ. ಹಾಗಾಗಿ ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಅಡ್ವಾನ್ಸ್ ವಾಪಸ್ ಯಾವಾಗ, ಬಣ್ಣ ಬಳಿಸಲು ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಓದಿಯೇ ಸಹಿ ಹಾಕಮ್ಮ.

ತಟ್ಟೆ ತೊಳೆಯದವಳಿಗೆ ಯಾವ ಕಾಯ್ದೆಯೂ ಇಲ್ಲ.

ಅಪ್ಪೆಮಿಡಿ:
ತೊಳೆಯದ ತಟ್ಟೆಯಲ್ಲೇ ಅವಳಿಗೆ ಊಟ ಬಡಿಸು. ಮಾರನೇ ದಿನ ಸರಿಹೋಗುತ್ತಾಳೆ.

ಶಂಕರಘಟ್ಟ ಹಾಸ್ಟೆಲ್:
ಅಕ್ಕ, ಇದು ದಯೆಯ ಬಗ್ಗೆ ಚರ್ಚೆ!

ಲೆಕ್ಕದ ಮೇಷ್ಟ್ರು:
ತೋಟದವರು ‘ಹಿಂದೆ ಯಾರು ಓದುತ್ತಿದ್ದರು’ ಅಂದರಲ್ಲ, ಓದುತ್ತಿದ್ದರು ಸರ್. ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ‘ಸೆಲ್ಫ್ ಹೆಲ್ಪ್’ ಬಂದಿದ್ದು 1859ರಲ್ಲಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ದುಡಿಯುವ ಹುಡುಗರಿಗೆ ಮಾಡಿದ ಭಾಷಣಗಳಿಂದ ಬೆಳೆದ ಪುಸ್ತಕ ಅದು. ಡೇಲ್ ಕಾರ್ನೆಗಿಯ ಸ್ನೇಹಿತರನ್ನು ಸಂಪಾದಿಸುವ ಪುಸ್ತಕ 1936ರದ್ದು. ಅದು ನಮ್ಮಪ್ಪನ ಟ್ರಂಕಿನಲ್ಲೂ ಇತ್ತು. ಆದರೆ ಇವರು ಯಾರೂ ನಗಿಸುವುದಿಲ್ಲ. ಕಾರ್ನೆಗಿ ‘ಮುಗುಳ್ನಗಿ’ ಅಂತ ನಮಗೆ ಹೇಳುತ್ತಾನೆ, ಅಷ್ಟೇ. ಅದೂ ಕೆಲಸ ಆಗಬೇಕಾದರೆ ನಗಿ ಅನ್ನುವ ಧಾಟಿ.

ಹಳೇ ಪುಸ್ತಕದ ಗೆದ್ದಲು:
ಕನ್ನಡದಲ್ಲಿ ಇದೆಯಾ ಅಂತ ಕೇಳಿದ್ದೀರಿ. ನಮ್ಮವರು ಇದನ್ನು ಯಾವತ್ತೋ ಮಾಡಿ ಬಿಟ್ಟಿದ್ದಾರೆ. 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರು ಮಾಡಿದ ರಾ.ಶಿ. ಯಾರು? ಡಾ. ಎಂ. ಶಿವರಾಂ. ರೋಗಿಗಳ ನಾಡಿ ಹಿಡಿದು ನೋಡುವ ಡಾಕ್ಟರು. 1967ರವರೆಗೆ, ಇಪ್ಪತ್ತೈದು ವರ್ಷ ಪತ್ರಿಕೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಇನ್ನೂ ಹುಡುಗರಾಗಿದ್ದಾಗ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಅದೇ ರಾ.ಶಿ. ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಕೈ ಎರಡನ್ನೂ ಬರೆದಿದೆ ಮಾರಾಯ್ರೆ. ಜನರನ್ನು ನಗಿಸುವುದೂ ಅವರ ಸಂಕಟ ತಿಳಿಯುವುದೂ ಅವರಿಗೆ ಬೇರೆ ಬೇರೆ ಅಂಗಡಿ ಆಗಿರಲಿಲ್ಲ.

ಈಗ ನೋಡಿ. ಹಾಸ್ಯ ಅಂದರೆ ವೇದಿಕೆ ಮೇಲೆ ಹೆಂಡತಿ ಜೋಕು. ವ್ಯಕ್ತಿತ್ವ ವಿಕಸನ ಅಂದರೆ ಟೈ ಕಟ್ಟಿಕೊಂಡವನ ಕೂಗಾಟ. ಇವನು ನಗುವುದಿಲ್ಲ, ಅವನು ಯೋಚಿಸುವುದಿಲ್ಲ.

ಗಾಂಧಿ ಬಜಾರ್:
ಡಿವಿಜಿ ಕಗ್ಗ ಇರುವಾಗ ಬೇರೆ ಯಾಕೆ? 1943ರಲ್ಲೇ ಬಂದಿದೆ. 945 ಪದ್ಯ. ಅಮೆರಿಕದವರ 535ಕ್ಕಿಂತ ಜಾಸ್ತಿಯೇ ಇದೆ.

ಕರೆಂಟ್ ಇಲ್ಲ:
ಕಗ್ಗ ಹಾಸ್ಯದ ಪುಸ್ತಕವಾ? ನಮ್ಮ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದರು. ಯಾರೂ ನಕ್ಕಿದ್ದು ನೆನಪಿಲ್ಲ.

ಗಾಂಧಿ ಬಜಾರ್:
ಅದು ಕಲಿಸಿದವರ ತಪ್ಪು. ಇಷ್ಟೆಲ್ಲ ತಿಳಿವಳಿಕೆ ಹೇಳಿ, ಹೇಳಿದವನ ಹೆಸರು ಮಂಕುತಿಮ್ಮ ಅಂತ ಇಟ್ಟವರಿಗೆ ಹಾಸ್ಯ ಗೊತ್ತಿರಲಿಲ್ಲ ಅನ್ನುತ್ತೀರಾ? ಮೊದಲು ತನ್ನನ್ನೇ ಮಂಕು ಅಂದುಕೊಂಡು ಆಮೇಲೆ ಮಾತು. ವಿನೋಬನಗರದವರ ಲೇಖಕಿ ಮಾಡುವುದೂ ಅದನ್ನೇ ಅಲ್ವಾ?

ಕರೆಂಟ್ ಇಲ್ಲ:
ಇರಬಹುದು. ಆದರೆ ಗ್ಯಾಸ್ ಸಿಲಿಂಡರ್ ಬದಲಿಸುವುದು ಹೇಗೆ ಅಂತ ಕಗ್ಗದಲ್ಲಿ ಇಲ್ಲ.

ಗಾಂಧಿ ಬಜಾರ್:
ಖಾಲಿಯಾದಾಗ ಹೇಗೆ ಸಮಾಧಾನದಿಂದ ಇರಬೇಕು ಅಂತ ಇದೆ.

ವಿನೋಬನಗರ ವಾಸಿ:
ದಯೆಯ ಕಡೆಗೆ ಬನ್ನಿ. ಇದೇ ಸಾಲಿನ ಇನ್ನೊಂದು ಪುಸ್ತಕದ ಕಥೆ ಕೇಳಿ. ಡ್ಯಾನಿ ವಾಲೆಸ್ ಅಂತ ಒಬ್ಬ ಬ್ರಿಟಿಷ್ ಹಾಸ್ಯ ಲೇಖಕ. ಲಂಡನ್ನಿನ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಕೊಟ್ಟ. ‘ನನ್ನ ಜೊತೆ ಸೇರಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಕಳಿಸಿ’ ಅಂತ. ಯಾಕೆ ಅಂತ ಹೇಳಲೇ ಇಲ್ಲ. ಅವನಿಗೂ ಗೊತ್ತಿರಲಿಲ್ಲ. ಜನ ಸಾವಿರಗಟ್ಟಲೆ ಸೇರಿಬಿಟ್ಟರು! ಇಷ್ಟು ಜನರನ್ನು ಇಟ್ಟುಕೊಂಡು ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡು, ಕೊನೆಗೆ ‘ಪ್ರತಿ ಶುಕ್ರವಾರ ಪರಿಚಯ ಇಲ್ಲದ ಒಬ್ಬರಿಗೆ ಒಂದು ಒಳ್ಳೆಯ ಕೆಲಸ ಮಾಡಿ’ ಅಂದ. 2003ರಲ್ಲಿ ಇದನ್ನೇ ‘ಜಾಯಿನ್ ಮಿ’ ಅಂತ ಪುಸ್ತಕ ಮಾಡಿದ. ನನಗೆ ಇಷ್ಟ ಆಗಿದ್ದು ಏನಂದರೆ, ಯಾರನ್ನೂ ಉದ್ಧಾರ ಮಾಡುತ್ತೇನೆ ಅಂತ ಹೊರಟವನಲ್ಲ ಅವನು.

ಕರೆಂಟ್ ಇಲ್ಲ:
ನಮ್ಮಲ್ಲಿ ಫೋಟೊ ಕೇಳಿದರೆ ಜೊತೆಗೆ ಆಧಾರ್ ಜೆರಾಕ್ಸ್ ಕೂಡ ಕಳಿಸುತ್ತಿದ್ದರು. ಅಭ್ಯಾಸಬಲ.

ಸೊರಬದ ಸೊಸೆ:
ಅದೇ ಡ್ಯಾನಿ ವಾಲೆಸ್ ಇನ್ನೊಂದು ಬರೆದಿದ್ದಾನೆ, ‘ಯೆಸ್ ಮ್ಯಾನ್’. ಯಾರು ಏನು ಕೇಳಿದರೂ ಹೂಂ ಅನ್ನುವುದು. 2008ರಲ್ಲಿ ಸಿನಿಮಾ ಕೂಡ ಆಯಿತು. ಓದಿ ನನಗೆ ನಗು ಬರಲಿಲ್ಲ. ನಮ್ಮ ಕಡೆ ಹೆಂಗಸರು ಅದನ್ನು ಮದುವೆಯಾದ ದಿನದಿಂದ ಮಾಡುತ್ತಿದ್ದಾರೆ, ಯಾರೂ ಸಿನಿಮಾ ತೆಗೆಯಲಿಲ್ಲ.

ಶಿವಮೊಗ್ಗದಲ್ಲಿ ನಮ್ಮದು ಬಸ್‌ಸ್ಟ್ಯಾಂಡಿಗೆ ಹತ್ತಿರದ ಮನೆ. ಅಷ್ಟು ಸಾಕು. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಮದುವೆ ಸೀರೆ ಕೊಳ್ಳಲು ಬಂದವರು, ರಾತ್ರಿ ಬಸ್ಸಿಗೆ ಕಾಯುವವರು ಎಲ್ಲರೂ ನಮ್ಮಲ್ಲೇ. ‘ನಿನಗೆ ತೊಂದರೆ ಆಗಲ್ಲ ಅಲ್ವಾ’ ಅಂತ ಕೇಳುವುದು ಚೀಲ ಒಳಗಿಟ್ಟ ಮೇಲೆ. ಹೋದ ವರ್ಷ ದೂರದ ನೆಂಟರೊಬ್ಬರು ಮಗನನ್ನು ಕೋಚಿಂಗ್‌ಗೆ ಅಂತ ಇಲ್ಲೇ ಬಿಡುತ್ತೇವೆ ಅಂದರು. ಎಷ್ಟು ದಿನ ಅಂದೆ. ‘ಸೀಟು ಸಿಗುವ ತನಕ’ ಅಂದರು. ಆಗ ನಾನು, ಇಲ್ಲ ಚಿಕ್ಕಮ್ಮ, ಆಗುವುದಿಲ್ಲ, ಪಕ್ಕದ ರಸ್ತೆಯಲ್ಲಿ ಒಳ್ಳೆಯ ಪಿಜಿ ಇದೆ, ನಾನೇ ಹೋಗಿ ಮಾತಾಡಿಸಿ ಕೊಡುತ್ತೇನೆ, ಭಾನುವಾರ ಊಟಕ್ಕೆ ಇಲ್ಲಿಗೆ ಬರಲಿ ಅಂದೆ. ಅಡುಗೆಮನೆಯಲ್ಲಿ ಅತ್ತೆ ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಚಿಕ್ಕಮ್ಮ ಆರು ತಿಂಗಳು ಮಾತು ಬಿಟ್ಟರು. ಹುಡುಗ ಮಾತ್ರ ಪ್ರತಿ ಭಾನುವಾರ ಬರುತ್ತಾನೆ, ಖುಷಿಯಾಗಿದ್ದಾನೆ. ನನ್ನ ಪ್ರಕಾರ ದೊಡ್ಡವಳಾಗುವುದು ಅಂದರೆ ಅದು. ದಯೆಯ ಪುಸ್ತಕಗಳಲ್ಲಿ ‘ಇಲ್ಲ’ ಅನ್ನುವುದಕ್ಕೆ ಮೊದಲ ಅಧ್ಯಾಯ ಕೊಡಬೇಕು.

ತೀರ್ಥಹಳ್ಳಿ ತೋಟದವರು:
ನೆಂಟರಿಗೆ ಇಲ್ಲ ಅನ್ನುವುದಾ? ಮಲೆನಾಡಿನಲ್ಲಿ ಇಲ್ಲ ಅನ್ನುವ ಪದ್ಧತಿಯೇ ಇಲ್ಲ ತಂಗಿ.

ಸೊರಬದ ಸೊಸೆ:
ಇದೆ ಅಣ್ಣ. ಅದಕ್ಕೆ ‘ನೋಡೋಣ’ ಅನ್ನುತ್ತೀರಿ. ಕೇಳಿದವರು ಆರು ತಿಂಗಳು ಕಾದು ಕಾದು ಸುಸ್ತಾಗುತ್ತಾರೆ. ನಾನು ಅದೇ ದಿನ ಹೇಳಿದೆ.

ಅಪ್ಪೆಮಿಡಿ:
ತಂಗಿಗೆ ಜೈ.

ಕೊಪ್ಪದ ಕಂಡಕ್ಟರ್ ಮಗ:
ನನಗೆ ಈ ‘ಪ್ರತಿ ಶುಕ್ರವಾರ ಒಂದು ಒಳ್ಳೆಯ ಕೆಲಸ’ ಅನ್ನುವುದು ವಿಚಿತ್ರ ಅನ್ನಿಸುತ್ತದೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಾ? ಖಾಸಗಿ ಬಸ್ ಕಂಪನಿ ಮುಚ್ಚಿದಾಗ ಅಲ್ಲಿನ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಘ. ಬಸ್ಸು ಓಡಿಸುವವರೇ ಮಾಲೀಕರು. ಔಷಧಿ ಚೀಟಿ, ದುಡ್ಡು ಬೆಳಗ್ಗೆ ಅಪ್ಪನ ಕೈಗೆ ಕೊಟ್ಟರೆ ಸಂಜೆ ಟ್ರಿಪ್ಪಿನಲ್ಲಿ ಔಷಧಿಯೂ ಚಿಲ್ಲರೆಯೂ ಬರುತ್ತಿತ್ತು. ಯಾವ ಮನೆಯ ಅಜ್ಜ ಯಾವ ತಿರುವಿನಲ್ಲಿ ಇಳಿಯುತ್ತಾರೆ, ಯಾರ ಮಗಳಿಗೆ ಇವತ್ತು ಪರೀಕ್ಷೆ, ಎಲ್ಲ ಅಪ್ಪನಿಗೆ ಗೊತ್ತು. ಹುಡುಗಿ ಬರಲಿಲ್ಲ ಅಂದರೆ ಒಂದು ನಿಮಿಷ ಹಾರನ್ ಹೊಡೆದು ಕಾಯುವುದು. ಇದನ್ನು ಅವರು ದಯೆ ಅನ್ನುತ್ತಿರಲಿಲ್ಲ, ಡ್ಯೂಟಿ ಅನ್ನುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಬಸ್ಸು ನಿಂತಿತು. ಡೀಸೆಲ್, ಬಿಡಿಭಾಗ, ಸಂಬಳ ಯಾವುದಕ್ಕೂ ದುಡ್ಡು ಹೊಂದುತ್ತಿರಲಿಲ್ಲ.

ಅದಕ್ಕೇ ಹೇಳುವುದು. ಒಬ್ಬೊಬ್ಬರೂ ಒಳ್ಳೆಯವರಾದರೆ ಸಾಲದು. ಒಳ್ಳೆಯತನ ನಡೆಯುವುದಕ್ಕೆ ಒಂದು ಬಸ್ಸಾದರೂ ಇರಬೇಕು. ಸೆಲ್ಫ್ ಹೆಲ್ಪ್ ಪುಸ್ತಕಗಳು ಈ ಮಾತು ಆಡುವುದೇ ಇಲ್ಲ.

ಕರೆಂಟ್ ಇಲ್ಲ:
ಒಂದು ನಿಮಿಷ ಕಾದಿದ್ದಕ್ಕೆ ನಮಗೆ ಮುಂದಿನ ಬಸ್ಸು ತಪ್ಪುತ್ತಿತ್ತು, ಅದನ್ನೂ ಬರೆಯಿರಿ.

ಕೊಪ್ಪದ ಕಂಡಕ್ಟರ್ ಮಗ:
ನಿಮಗೂ ಕಾದಿರುತ್ತಾರೆ. ಆ ದಿನ ಯಾರಿಗೆ ಬಸ್ಸು ತಪ್ಪಿತು ಅಂತ ನೀವು ನೋಡಿರುವುದಿಲ್ಲ.

ಹಳೇ ಪುಸ್ತಕದ ಗೆದ್ದಲು:
ಸರಿಯಾದ ಮಾತು. ಮುಯ್ಯಾಳು ಪದ್ಧತಿಯೂ ಹಾಗೇ ಅಲ್ವಾ? ನಾಟಿಗೆ ನಾನು ನಿನ್ನ ಗದ್ದೆಗೆ, ನೀನು ನನ್ನ ಗದ್ದೆಗೆ. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು. ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಮನೆಯಲ್ಲೇ ಬರುತ್ತಿತ್ತು.

ಜಗುಲಿಯ ಆಚೆ:
ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಮುಯ್ಯಾಳು ದಯೆ ಅಲ್ಲ ಸರ್, ಲೆಕ್ಕ. ಗದ್ದೆ ಇದ್ದವರ ನಡುವಿನ ಲೆಕ್ಕ. ಗದ್ದೆ ಇಲ್ಲದವರು ಮುಯ್ಯಿ ತೀರಿಸುವುದು ಎಲ್ಲಿ?

ಇನ್ನು ಬೆಲ್ಲ ನೀರು. ನನ್ನ ಅಜ್ಜಿಗೂ ಕೊಡುತ್ತಿದ್ದರು. ಅಂಗಳದಲ್ಲಿ ನಿಲ್ಲಿಸಿ, ಗೋಡೆಯ ಸಂದಿಯಲ್ಲಿ ಇಟ್ಟಿರುವ ಬೇರೆ ಲೋಟದಲ್ಲಿ, ಮೇಲಿನಿಂದ ಹೊಯ್ದು. ಕುಡಿದ ಮೇಲೆ ಅಜ್ಜಿಯೇ ತೊಳೆದು ಅದೇ ಸಂದಿಯಲ್ಲಿ ಕವುಚಿ ಇಡಬೇಕು. ಕೊಟ್ಟವರು ತಾವು ಬಹಳ ದಯಾವಂತರು ಅಂದುಕೊಂಡೇ ತೀರಿಕೊಂಡರು. ಊರಲ್ಲೂ ಹಾಗೇ ಹೆಸರಿತ್ತು. ಹಾಗಾಗಿ ‘ದಯೆ ಮನೆಯಲ್ಲೇ ಬರುತ್ತದೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಬಂದಿದ್ದು ಆ ಲೋಟವೂ ಹೌದು. ಯಾರೋ ಹೊರಗಿನವರು ಹೇಳಬೇಕಾಗುತ್ತದೆ. ಅಮೆರಿಕದವರು ಹೇಳಿದರೂ ಸರಿ, ಹನ್ನೆರಡನೇ ಶತಮಾನದವರು ಹೇಳಿದರೂ ಸರಿ. ಅಲ್ಲಮ ಹುಟ್ಟಿದ ಬಳ್ಳಿಗಾವಿ ನಮ್ಮ ಶಿಕಾರಿಪುರ ತಾಲ್ಲೂಕು. ಅಕ್ಕಮಹಾದೇವಿಯ ಉಡುತಡಿಯೂ ಅಲ್ಲೇ. ಇಬ್ಬರೂ ಊರಲ್ಲಿ ಉಳಿಯಲಿಲ್ಲ, ಕಲ್ಯಾಣಕ್ಕೆ ಹೋದರು. ಯಾಕೆ ಅಂತ ಯೋಚಿಸಿ.

ತೀರ್ಥಹಳ್ಳಿ ತೋಟದವರು:
ಅದು ಹಿಂದಿನ ಕಾಲದ್ದು ಬಿಡಿ. ಈಗ ಆ ಲೋಟ ಎಲ್ಲೂ ಇಲ್ಲ.

ಜಗುಲಿಯ ಆಚೆ:
ಹೌದು, ಈಗ ಪೇಪರ್ ಲೋಟ ಬಂದಿದೆ. ಯಾರಿಗೆ ಸ್ಟೀಲು, ಯಾರಿಗೆ ಪೇಪರ್ ಅಂತ ಮುಂದಿನ ಸಲ ಕೊಯ್ಲಿನ ದಿನ ಗಮನಿಸಿ ನೋಡಿ.

ಸೊರಬದ ಸೊಸೆ:
👏

ವಿನೋಬನಗರ ವಾಸಿ:
ಜಗುಲಿಯ ಆಚೆ ಅವರ ಮಾತಿಗೆ ಸೇರಿಸುತ್ತೇನೆ. ನಗಿಸುವ ಪುಸ್ತಕಗಳ ಬಗ್ಗೆ ನನಗಿರುವ ದೂರು ಕೂಡ ಇದೇ. ಥ್ಯಾಂಕ್ಸ್ ಕಾರ್ಡು ಬರೆಯಿರಿ, ಪಕ್ಕದ ಮನೆಯವರಿಗೆ ಕೇಕು ಕೊಡಿ ಅನ್ನುವುದರಲ್ಲಿ ಅವು ಗಟ್ಟಿ. ನಮ್ಮ ಮನೆಯ ಕೆಲಸದವರಿಗೆ ರಜೆ ಎಷ್ಟು, ಅವರು ಎಲ್ಲಿ ಕೂತು ಊಟ ಮಾಡುತ್ತಾರೆ ಅನ್ನುವ ಪ್ರಶ್ನೆ ಬರುವುದೇ ಇಲ್ಲ. ಅಲ್ಲಿನ ಓದುಗರಿಗೆ ಬರೆದಿದ್ದು, ಸಹಜ. ಹಾಗಾಗಿ ಅನುವಾದ ಸಾಲದು. ಇಲ್ಲಿನವರೇ ಬರೆಯಬೇಕು. ಹೆಜ್ಜೆ ಏನೇನು ಇರಬೇಕು ಅಂತ ಹೇಳಿ, ಸುಮ್ನೆ ಬೋಧನೆ ಬೇಡ.

ಕರೆಂಟ್ ಇಲ್ಲ:
ಗಾಳಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ಕೆಳಗಿನಿಂದ ‘ಇನ್ನೂ ಎಷ್ಟು ಹೊತ್ತು’ ಅಂತ ಕೂಗದೆ ಇರುವುದು.

ಅಪ್ಪೆಮಿಡಿ:
ಬೇರೆಯವರ ಜಗುಲಿಯಿಂದ ತಪ್ಪಿ ತಂದ ಕೊಡೆ ನಮ್ಮದಕ್ಕಿಂತ ಒಳ್ಳೆಯದಾಗಿದ್ದರೂ ವಾಪಸ್ ಕೊಡುವುದು.

ಕರಿಕೋಟು:
ಅಪ್ಪ ಇರುವಾಗಲೇ ಪಹಣಿ ಯಾರ ಹೆಸರಿನಲ್ಲಿದೆ ಅಂತ ನೋಡುವುದು. ಅಣ್ಣತಮ್ಮಂದಿರು ಇನ್ನೂ ಮಾತಾಡುತ್ತಿರುವಾಗಲೇ ಪಾಲು ಬರೆಯುವುದು. ಇದಕ್ಕಿಂತ ದೊಡ್ಡ ದಯೆ ನಾನು ಕೋರ್ಟಿನಲ್ಲಿ ಕಂಡಿಲ್ಲ. ನನ್ನ ಸಂಪಾದನೆಗೆ ಇದು ಹೊಡೆತ, ಆದರೂ ಹೇಳುತ್ತಿದ್ದೇನೆ.

ಶಂಕರಘಟ್ಟ ಹಾಸ್ಟೆಲ್:
ಕೆಲಸ ಹುಡುಕುತ್ತಿರುವವರಿಗೆ ‘ಏನಾಯ್ತು’ ಅಂತ ಕೇಳದೆ ಒಂದು ಲೋಟ ಕಷಾಯ ಕುಡಿದು ಎದ್ದು ಹೋಗುವುದು. ನೆಂಟರಿಗೆ ಇದು ಕಡ್ಡಾಯ ಮಾಡಿ.

ತೀರ್ಥಹಳ್ಳಿ ತೋಟದವರು:
ಮತ್ತೆ ಏನು ಮಾತಾಡುವುದು? ಮಳೆ ಬಗ್ಗೆ ಎಷ್ಟು ಅಂತ ಮಾತಾಡುವುದು?

ಶಂಕರಘಟ್ಟ ಹಾಸ್ಟೆಲ್:
ಬೋರ್ಡೋ ಬಗ್ಗೆ ಮಾತಾಡಿ ಅಂಕಲ್. ಚಾಕು ಅದ್ದುವ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ತೀರ್ಥಹಳ್ಳಿ ತೋಟದವರು:
ಹಾಗಾದರೆ ಬಾ ಒಂದು ದಿನ. ಮಳೆಗಾಲ ಶುರುವಾಗುವ ಮುಂಚೆ ಮೊದಲ ಔಷಧಿ ಹೊಡೆಸುತ್ತೇವೆ. ಬಿದಿರಿನ ಕಳಲೆ ಸಿಕ್ಕಿದರೆ ಪಲ್ಯ ಮಾಡಿಸುತ್ತೇನೆ.

ಸೊರಬದ ಸೊಸೆ:
‘ಮಾಡಿಸುತ್ತೇನೆ’ ಅಂದರೆ ಯಾರು ಮಾಡುವುದು ಅಣ್ಣ? ಕಳಲೆ ಹೆಚ್ಚುವುದು, ನೆನೆಹಾಕುವುದು, ದಿನಾ ನೀರು ಬದಲಿಸುವುದು ಯಾರು?

ತೀರ್ಥಹಳ್ಳಿ ತೋಟದವರು:
ಹೆಚ್ಚುವುದು ನಾನೇ ತಂಗಿ. ನೀರು ಬದಲಿಸುವುದು ಮರೆತುಹೋಗುತ್ತದೆ.

ಸೊರಬದ ಸೊಸೆ:
ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಬೋರ್ಡೋ ಹೊಡೆಸುವ ದಿನ ಮರೆಯುವುದಿಲ್ಲವಲ್ಲ.